ಕೊನೆಯ ಕರಣೆ ಹಿಡಿದವಳು

“ಗುರುಗಳೇ, ಬರಬೇಕಾದದ್ದನ್ನು ಬಿಟ್ಟುಕೊಟ್ಟವನು ದೊಡ್ಡವನೋ, ಬೆನ್ನು ಹತ್ತಿ ವಸೂಲು ಮಾಡಿದವನು ದೊಡ್ಡವನೋ?”

ಕೇಳಿದವನು ಕೊಟ್ರಪ್ಪ. ಮಠಕ್ಕೆ ಬರುವ ಮೊದಲು ಅವನು ಗಾರೆ ಮೇಸ್ತ್ರಿಯಾಗಿದ್ದ. ಹನ್ನೊಂದು ಆಳುಗಳನ್ನು ಕಟ್ಟಿಕೊಂಡು ಊರೂರು ತಿರುಗಿ ಮನೆ ಕಟ್ಟುತ್ತಿದ್ದ. ಒಬ್ಬ ಧಣಿ ಮಹಡಿ ಮನೆ ಕಟ್ಟಿಸಿಕೊಂಡು ಹಣ ಕೊಡದೆ ಕೈ ಎತ್ತಿದಾಗ, ಎಲ್ಲವೂ ಶಿವಾರ್ಪಣ ಎಂದು ಆ ಬಾಕಿಗೆ ಎಳ್ಳುನೀರು ಬಿಟ್ಟ. ಗಾರೆ ಮೆತ್ತುವ ಕರಣೆಯನ್ನು ಕೆರೆಗೆ ಎಸೆದು ನೇರ ಮಠಕ್ಕೆ ನಡೆದು ಬಂದ. ಹೊಸದಾಗಿ ಬಂದ ಪ್ರತಿಯೊಬ್ಬ ಶಿಷ್ಯನಿಗೂ ಅವನು ಇದನ್ನು ತಪ್ಪದೆ ಹೇಳುತ್ತಿದ್ದ. ಆ ಬೆಳಿಗ್ಗೆಯೂ ಒಬ್ಬನಿಗೆ ಹೇಳಿ ಮುಗಿಸಿಯೇ ಗುರುಗಳ ಮುಂದೆ ಈ ಪ್ರಶ್ನೆ ಇಟ್ಟಿದ್ದ.

ಗುರುಗಳು ನಕ್ಕರು. ನಿನ್ನ ಕಸುಬಿನವಳದೇ ಒಂದು ಕತೆಯಿದೆ, ಕೂತುಕೋ ಮೇಸ್ತ್ರಿ, ಎಂದು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ಗಾರೆಯವಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಕರಣೆಯನ್ನು ತಾನು ಹಿಡಿದಳು. ಅವನ ಜೊತೆಗಿದ್ದ ಆಳುಗಳು ಅವಳ ಜೊತೆಗೇ ಉಳಿದರು. ಅವಳು ತಿಕ್ಕಿದ ಗೋಡೆಯನ್ನು ಹತ್ತಲು ಹೋದ ಇರುವೆ ಜಾರಿ ಬೀಳುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಕೆಲಸ ಅಷ್ಟು ನಯ. ಮಾತು ಮಾತ್ರ ಸ್ವಲ್ಪ ಒರಟು.

ಆ ಸೀಮೆಯ ದೊರೆ ದಾರಿಹೋಕರಿಗೆಂದು ಒಂದು ಛತ್ರ ಕಟ್ಟಿಸಿದ. ಗುತ್ತಿಗೆ ಹಿಡಿದವನು ಒಬ್ಬ ಪೇಟೆಯವನು. ಅವನು ಗಾರೆಯ ಕೆಲಸವನ್ನೆಲ್ಲ ಇವಳಿಗೆ ವಹಿಸಿದ. ಐದು ತಿಂಗಳು ಕೆಲಸ ನಡೆಯಿತು. ಇಂದು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎನ್ನುತ್ತ, ಹೊಟ್ಟೆಗೆ ಅಷ್ಟಿಷ್ಟು ಜೋಳ ಅಳೆದು ಕೊಟ್ಟು ಕಾಲ ತಳ್ಳಿದ. ಕೊನೆಯ ಗೋಡೆಯ ಮೇಲೆ ಕೊನೆಯ ಕರಣೆ ಆಡಿದ ಮರುದಿನ, ಅರಮನೆಯಿಂದ ಪೂರ್ತಿ ಹಣ ಎತ್ತಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಗಾರೆಯವಳಿಗೆ ಬರಬೇಕಾದದ್ದು ನಲವತ್ತು ವರಹ. ಅದು ಐದು ತಿಂಗಳ ಬೆವರು.

ಆ ಸೀಮೆಯಲ್ಲಿ ಗೋಡೆ ಕಟ್ಟಿದವರಿಗೆ ಒಂದು ಹಕ್ಕಿತ್ತು. ಕೂಲಿ ಬಾರದಿದ್ದರೆ ಆ ಮನೆಯ ತಲೆಬಾಗಿಲಿಗೆ ಹಗ್ಗ ಕಟ್ಟಬಹುದು. ಹಗ್ಗ ಬಿಚ್ಚುವವರೆಗೆ ಆ ಮನೆಯನ್ನು ಮಾರುವಂತಿಲ್ಲ, ಒಳಗೆ ಹಾಲು ಉಕ್ಕಿಸುವಂತಿಲ್ಲ. ಗಾರೆಯವಳು ಹಗ್ಗ ಹಿಡಿದು ಛತ್ರಕ್ಕೆ ಹೋದಳು. ಬಾಗಿಲಿಗೆ ಒಂದು ಸುತ್ತು ಹಾಕಿದಳು. ಅಷ್ಟರಲ್ಲಿ ಊರಿನ ಶಾನುಭೋಗ ಓಡಿ ಬಂದು ತಡೆದ. ಇದು ಯಾರೊಬ್ಬರ ಮನೆಯೂ ಅಲ್ಲ, ಹಗ್ಗ ಕಟ್ಟಿದರೆ ಬಿಸಿಲಲ್ಲಿ ನಿಲ್ಲುವವನು ದಾರಿಹೋಕ, ಮೋಸ ಮಾಡಿದವನಿಗೆ ಇದರಿಂದ ಏನೂ ಆಗುವುದಿಲ್ಲ ಎಂದ. ಗಾರೆಯವಳು ತಿರುಗಿ ನೋಡಿದಳು. ಜಗಲಿಯ ಮೇಲೆ ಒಬ್ಬ ಮುದುಕ ಗಂಟು ತಲೆಗಿಟ್ಟುಕೊಂಡು ಆಗಲೇ ಮಲಗಿದ್ದ. ಅವಳು ಹಗ್ಗ ಬಿಚ್ಚಿ ಸುತ್ತಿಕೊಂಡಳು. ಕಣ್ಣಲ್ಲಿ ನೀರು ಬಂತು.

ಶಾನುಭೋಗ ಒಳ್ಳೆಯವನು. ಅವನು ಅವಳಿಗೆ ದಾರಿ ಹೇಳಿದ. ಹಗ್ಗ ಕಟ್ಟಲಾಗದ ಕಟ್ಟಡವಾದದ್ದರಿಂದಲೇ ದೊರೆ ಮೊದಲೇ ಗುತ್ತಿಗೆದಾರನಿಂದ ಒಬ್ಬ ಹೊಣೆಗಾರನನ್ನು ಕೇಳಿದ್ದ. ಪೇಟೆಯ ಒಬ್ಬ ಜವಳಿ ವರ್ತಕ ಹೊಣೆ ನಿಂತು, ಮುನ್ನೂರು ವರಹದ ಒತ್ತೆಯನ್ನು ಅರಮನೆಯಲ್ಲಿ ಇಟ್ಟಿದ್ದ. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೊಡಬೇಕಾದವನು ಅವನು. ಆದರೆ ಕಟ್ಟಳೆ ಬಿಗಿ. ಬೇಡಿಕೆಯನ್ನು ಓಲೆಯಲ್ಲಿ ಬರೆದು ಹೊಣೆಗಾರನ ಕೈಗೇ ಕೊಡಬೇಕು. ಕೊನೆಯ ಕರಣೆ ಆಡಿದ ಮೇಲೆ ಬರುವ ಮೂರನೆಯ ಹುಣ್ಣಿಮೆಯ ಸೂರ್ಯ ಮುಳುಗುವುದರೊಳಗೆ ಕೊಡಬೇಕು. ಬರಬೇಕಾದದ್ದಕ್ಕಿಂತ ಒಂದು ಹಣ ಹೆಚ್ಚು ಬರೆದಿದ್ದರೂ ಇಡೀ ಬೇಡಿಕೆ ಬಿದ್ದುಹೋಗುತ್ತದೆ.

ಗಾರೆಯವಳು ಶಾನುಭೋಗನಿಂದ ಓಲೆ ಬರೆಸಿಕೊಂಡು ವರ್ತಕನ ಮನೆಗೆ ಹೋದಳು. ವರ್ತಕ ಸ್ನಾನಕ್ಕೆ ಕೂತಿದ್ದಾನೆ ಎಂದರು. ಮರುದಿನ ಹೋದಳು. ಪೂಜೆಗೆ ಕೂತಿದ್ದಾನೆ ಎಂದರು. ಆಮೇಲೆ ಪರಊರಿಗೆ ಹೋಗಿದ್ದಾನೆ ಎಂದರು. ಪರಊರಿಗೆ ಹೋದವನ ಕೆಮ್ಮು ಮಾತ್ರ ಮಹಡಿಯ ಮೇಲಿಂದ ಕೇಳಿಸುತ್ತಿತ್ತು. ಒಂದು ಹುಣ್ಣಿಮೆ ಕಳೆಯಿತು, ಎರಡನೆಯದೂ ಕಳೆಯಿತು. ಅವಳ ಕೆರ ಸವೆದುಹೋಯಿತು. ಹಾಳಾಗಿ ಹೋಗಲಿ, ದೇವರಿಗೆ ಬಿಡು ಎಂದು ಅಕ್ಕಪಕ್ಕದವರು ಹೇಳಿದರು. ದೇವರು ಬಂದು ಸುಣ್ಣ ಅರೆದಿದ್ದರೆ ಅವನಿಗೇ ಬಿಡುತ್ತಿದ್ದೆ ಎಂದು ಅವಳು ಅವರ ಬಾಯಿ ಮುಚ್ಚಿಸಿದಳು. ಸಂಜೆ ಅವಳು ಮನೆಗೆ ಮರಳುವಾಗ ಜಗಲಿಯ ಮೇಲೆ ಯಾರಾದರೂ ಕಾದು ಕೂತಿರುತ್ತಿದ್ದರು. ಅವಳ ಬರಿಗೈ ನೋಡಿ ಏನೂ ಕೇಳದೆ ಎದ್ದು ಹೋಗುತ್ತಿದ್ದರು. ಆ ರಾತ್ರಿ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮೂರನೆಯ ಹುಣ್ಣಿಮೆಯ ದಿನವೇ ಛತ್ರದಲ್ಲಿ ಹಾಲು ಉಕ್ಕಿಸುವುದೆಂದು ದೊರೆ ಡಂಗುರ ಸಾರಿಸಿದ. ಅವತ್ತು ವರ್ತಕ ಮನೆಯಲ್ಲಿ ಅಡಗಿ ಕೂರುವಂತಿರಲಿಲ್ಲ. ದೊರೆಯ ಪಕ್ಕದಲ್ಲಿ ಜರಿಯ ಪೇಟ ಸುತ್ತಿಕೊಂಡು ನಿಲ್ಲುವ ಆಸೆ ಅವನಿಗೆ ಇಲ್ಲದೆಯೂ ಇರಲಿಲ್ಲ. ಸುತ್ತ ಕಾವಲಿನವರಿರುತ್ತಾರೆ, ಹತ್ತಿರ ಸುಳಿಯುವವರು ಯಾರು ಎಂದುಕೊಂಡು ಧೈರ್ಯವಾಗಿ ಬಂದ.

ಆದರೆ ಅವನಿಗೊಂದು ತಿಳಿದಿರಲಿಲ್ಲ. ಅರಿವೆ ಮಾರುವವನಿಗೆ ಗೋಡೆ ಕಟ್ಟುವವರ ಪದ್ಧತಿ ಏನು ಗೊತ್ತು? ಹಾಲು ಉಕ್ಕಿಸುವ ಮೊದಲು, ಆ ಕಟ್ಟಡದಲ್ಲಿ ಕೊನೆಯ ಕರಣೆ ಹಿಡಿದವರು ಅದನ್ನು ತಂದು ಹೊಣೆಗಾರನಿಗೆ ಒಪ್ಪಿಸಬೇಕು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ‘ಕೆಲಸ ಮುಗಿಯಿತು, ನನ್ನ ಹೊಣೆ ತೀರಿತು’ ಎಂದು ನೆರೆದವರಿಗೆ ಕೇಳುವಂತೆ ಹೇಳಿ ಕರಣೆಯನ್ನು ಹಿಂದಿರುಗಿಸಬೇಕು. ಅಲ್ಲಿಯವರೆಗೆ ಒಲೆ ಹೊತ್ತಿಸುವಂತಿಲ್ಲ.

ಪುರೋಹಿತ ಎದ್ದು ನಿಂತು, ಕೊನೆಯ ಕರಣೆ ಹಿಡಿದವರು ಬರಲಿ ಎಂದು ಕೂಗಿದ. ಜನ ದಾರಿ ಬಿಟ್ಟರು, ಕಾವಲಿನವರೂ ಬಿಟ್ಟರು. ಗಾರೆಯವಳು ಒಗೆದ ಸೀರೆ ಉಟ್ಟು, ಕರಣೆಯನ್ನು ಎದೆಗವಚಿಕೊಂಡು ನಡೆದು ಬಂದಳು. ಪುರೋಹಿತ ಹೇಳಿಕೊಟ್ಟಂತೆ ವರ್ತಕ ಪೇಟ ಸರಿಮಾಡಿಕೊಂಡು ಎರಡೂ ಕೈ ಚಾಚಿದ. ಕರಣೆ ಕೈಗೆ ಬಂತು. ಅದರ ಹಿಡಿಗೆ ಸುತ್ತಿ ದಾರ ಬಿಗಿದಿದ್ದ ಓಲೆಯೂ ಕೈಗೆ ಬಂತು. ಅದನ್ನು ಕಂಡೊಡನೆ ಅವನ ಮುಖ ಹುಳ್ಳಗಾಯಿತು. ದೊರೆಯ ಎದುರಿನಲ್ಲಿ, ಅಷ್ಟು ಜನರ ಎದುರಿನಲ್ಲಿ ಅದನ್ನು ಕೆಳಗೆ ಹಾಕುವಂತಿಲ್ಲ.

“ಹೇಳಿ, ಸಾಹುಕಾರರೇ” ಎಂದಳು ಗಾರೆಯವಳು. “ಹೊಣೆ ತೀರಿತು ಎಂದು ಹೇಳಿ. ಎಲ್ಲರೂ ಕಾಯುತ್ತಿದ್ದಾರೆ.”

ವರ್ತಕ ದಾರ ಬಿಚ್ಚಿದ. ಓಲೆ ಓದಿದ. ಕೊನೆಗೆ ಒಂದು ದಾರಿ ಹೊಳೆದು, ಇದರಲ್ಲಿ ಹೆಚ್ಚು ಬರೆದಿದ್ದಾಳೆ, ಗೋಡೆಗಳನ್ನು ಅಳೆಯಿಸಬೇಕು ಎಂದ. ಅಳೆಯಿರಿ ಎಂದ ದೊರೆ. ಶಾನುಭೋಗ ಅಳತೆಯ ಕೋಲು ತಂದು, ವರ್ತಕನ ಗುಮಾಸ್ತನ ಕಣ್ಣೆದುರಿಗೇ ಗೋಡೆ ಗೋಡೆ ಅಳೆದ. ಹೊತ್ತು ಇಳಿಯುತ್ತ ಬಂತು. ಲೆಕ್ಕ ನಲವತ್ತಾಗಲಿಲ್ಲ. ನಲವತ್ತೊಂದೂವರೆಯಾಯಿತು. ಗುಮಾಸ್ತ ಎರಡು ಸಲ ಕೂಡಿಸಿದ, ಅಷ್ಟೇ ಬಂತು. ಕಡಿಮೆ ಯಾಕೆ ಬರೆಸಿದೆ ಎಂದು ದೊರೆ ಕೇಳಿದ. ಬಡಗು ಮೂಲೆಯ ಗೋಡೆ ನನ್ನ ಕೈತಪ್ಪಿನಿಂದ ಉಬ್ಬಿತ್ತು, ಕೆರೆದು ಎರಡನೆಯ ಸಲ ಮೆತ್ತಿದೆ, ಹಾಳಾದ ಸುಣ್ಣಕ್ಕೆಂದು ಆ ಗೋಡೆಯ ಕೂಲಿ ಬಿಟ್ಟೆ, ನನ್ನ ತಪ್ಪಿಗೆ ಇನ್ನೊಬ್ಬರು ಯಾಕೆ ಕೊಡಬೇಕು ಎಂದಳು.

ಯಾರೋ ಶಭಾಷ್ ಎಂದರು, ಇಡೀ ಛತ್ರ ಅದನ್ನೇ ಹೇಳಿತು. ವರ್ತಕ ಗುಮಾಸ್ತನನ್ನು ಪೇಟೆಗೆ ಓಡಿಸಿ ಚೀಲ ತರಿಸಿದ. ಹೊಸ್ತಿಲ ಮೇಲೆ ನಲವತ್ತು ವರಹ ಎಣಿಸಿ ಅವಳ ಸೆರಗಿಗೆ ಹಾಕಿದ. ಆಗ ಕರಣೆಯನ್ನು ಕಣ್ಣಿಗೊತ್ತಿಕೊಂಡು, ತನ್ನ ಹೊಣೆ ತೀರಿತು ಎಂದು ಸಣ್ಣ ದನಿಯಲ್ಲಿ ಹೇಳಿದ. ಕೇಳಿಸಲಿಲ್ಲ ಎಂದು ಹಿಂದಿನವರು ಕೂಗಿದರು. ಅವನು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ವಾದ್ಯದವರು ಡೋಲು ಬಾರಿಸಿದರು. ಒಲೆ ಹೊತ್ತಿತು, ಹಾಲು ಉಕ್ಕಿ ಬಂತು. ಸೂರ್ಯ ಮುಳುಗಲು ಇನ್ನೂ ಮಾರುದ್ದ ಹೊತ್ತಿತ್ತು.

ಗಾರೆಯವಳು ಮನೆಗೆ ಹೋಗುವವರೆಗೂ ಕಾಯಲಿಲ್ಲ. ಛತ್ರದ ಜಗಲಿಯ ಮೇಲೆಯೇ ಸೆರಗು ಬಿಚ್ಚಿ ಕೂತಳು. ಸುಣ್ಣ ಅರೆದ ಮುದುಕಿ ಬಂದಳು. ನೀರು ಹೊತ್ತ ಗಂಡ ಹೆಂಡತಿ ಬಂದರು. ಎತ್ತರದ ಗೋಡೆಗೆ ನಿಂತು ಮೆತ್ತಲು ಸಾರುವೆ ಕಟ್ಟಿದವನು ಬಂದ. ಐದು ತಿಂಗಳು ಅವಳ ಜೊತೆ ದುಡಿದವರೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಒಡ್ಡಿದರು. ಮುದುಕಿ ವರಹವನ್ನು ಹಲ್ಲಿಲ್ಲದ ಬಾಯಲ್ಲಿ ಕಚ್ಚಿ ನೋಡಿದಳು, ಎಲ್ಲರೂ ನಕ್ಕರು. ಎಲ್ಲರಿಗೂ ಕೊಟ್ಟ ಮೇಲೆ ಅವಳ ಸೆರಗಿನಲ್ಲಿ ಉಳಿದದ್ದು ಎರಡು ವರಹ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಣ್ಣಿಮೆಯ ಬೆಳಕಿನಲ್ಲಿ ಹಾಡಿಕೊಂಡು ಮನೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರಪ್ಪನ ಮುಖ ಅರಳಿತ್ತು. ಎಷ್ಟೆಂದರೂ ಅವನೂ ಕರಣೆ ಹಿಡಿದವನು. ಆದರೂ ಅವನಿಗೊಂದು ಅನುಮಾನ ಉಳಿದಿತ್ತು.

“ಅಲ್ಲ ಗುರುಗಳೇ, ಎರಡು ವರಹಕ್ಕಾಗಿ ಅವಳು ಮೂರು ಹುಣ್ಣಿಮೆ ಅಲೆದಳೇ? ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ.”

“ನೀನು ಬಿಟ್ಟು ಬಂದೆಯಲ್ಲ ಕೊಟ್ರಪ್ಪ, ಅದರಲ್ಲಿ ನಿನ್ನದೆಷ್ಟಿತ್ತು?” ಎಂದು ಗುರುಗಳು ಕೇಳಿದರು.