ಮುಂಡಗ ಕುದ್ರಿನ ತೀರ್ಮಾನ

ಹೊಳೆ ಕಡಲು ಸೇರುವ ಕಡೆ ಮುಂಡಗ ಕುದ್ರು ಎಂಬ ನಡುಗಡ್ಡೆಯಿತ್ತು. ಅಲ್ಲಿಯವರಿಗೆ ಅರಸನಿರಲಿಲ್ಲ. ಏನೇ ಬಂದರೂ ಹೊನ್ನೆ ಮರದ ಕೆಳಗೆ ಕೂತು ತಾವೇ ಮಾತಾಡಿ ಮುಗಿಸುತ್ತಿದ್ದರು. ಕುದ್ರಿನ ತುದಿಯಲ್ಲಿ ನಿರ್ವಾಣಯ್ಯ ಎಂಬ ಗುರುಗಳ ಆಶ್ರಮ.

ಒಂದು ದಿನ ಆಚೆ ದಡದ ರಾಜ್ಯದ ಮಂತ್ರಿ ದೋಣಿಯಲ್ಲಿ ಬಂದ.

"ನಮ್ಮ ರಾಜ್ಯಕ್ಕೆ ಸೇರಿಕೊಳ್ಳಿ. ಸೇತುವೆ ಕಟ್ಟಿಸುತ್ತೇವೆ, ವೈದ್ಯರನ್ನು ಕಳಿಸುತ್ತೇವೆ. ಬಲವಂತವಿಲ್ಲ. ಆದರೆ ಸೇರಿದ ಮೇಲೆ ಮರದ ಕೆಳಗಿನ ನಿಮ್ಮ ಕೂಟ ನಡೆಯದು. ಅರಮನೆ ಹೇಳಿದ್ದೇ ಕೊನೆ. ಅಮಾವಾಸ್ಯೆಯೊಳಗೆ ಉತ್ತರ ಕೊಡಿ."

ಗುರುಗಳ ಶಿಷ್ಯ ದೂಮಣ್ಣ ಕುದ್ರಿನಲ್ಲೇ ಹುಟ್ಟಿ ಬೆಳೆದವನು. ಸೇತುವೆ ಎಂಬ ಮಾತು ಅವನ ಮನಸ್ಸಿಗೆ ನಾಟಿತು. ಹೋದ ಮಳೆಗಾಲದಲ್ಲಿ ಅವನ ತಂಗಿ ರುಕ್ಕು ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಗ ಹೊಳೆ ಉಕ್ಕಿತ್ತು. ದೋಣಿ ಇಳಿಸಲು ಯಾರಿಗೂ ಧೈರ್ಯ ಬರಲಿಲ್ಲ. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ಅವನು ನೆಟ್ಟಗೆ ಗುರುಗಳ ಬಳಿ ಹೋದ.

"ಸೇರಬೇಕು ಅಂತ ಜನರಿಗೆ ಹೇಳಿ, ಗುರುಗಳೇ."

"ಜನ ಏನನ್ನುತ್ತಾರೆ?"

"ಅವರಿಗೇನು ತಿಳಿಯುತ್ತದೆ?"

"ಕೇಳಿದೆಯಾ?"

ದೂಮಣ್ಣ ಕೇಳಿರಲಿಲ್ಲ.

"ಹೋಗಿ ಕೇಳು. ಹೇಳಲು ಹೋಗಬೇಡ."

ಅವನು ಮನೆ ಮನೆ ತಿರುಗಿದ. ಮುದುಕಿ ಪೊನ್ನಕ್ಕ ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದಳು.

"ನನ್ನ ಮಗನನ್ನೂ ಈ ಹೊಳೆಯೇ ನುಂಗಿದ್ದು. ಸೇತುವೆ ಬೇಡ ಅನ್ನೋಕೆ ನನಗೇನು ಹುಚ್ಚೇ?" ಎಂದಳು. "ಆದರೆ ದೂಮಾ, ಮರದ ಕೆಳಗೆ ನಾನು ಬಾಯಿ ತೆರೆದರೆ ಊರು ಸುಮ್ಮನಾಗಿ ಕೇಳುತ್ತದೆ. ಅರಮನೆಯಲ್ಲಿ ನನ್ನನ್ನು ಯಾರು ಕೇಳುತ್ತಾರೆ?"

ದೂಮಣ್ಣ ಅದನ್ನು ಪೂರ್ತಿ ಕೇಳಿಸಿಕೊಂಡ. ಆದರೂ ಮನಸ್ಸು ಕದಲಲಿಲ್ಲ.

ಅಮಾವಾಸ್ಯೆಗೆ ಮುಂಚಿನ ದಿನ ಊರೆಲ್ಲ ಸೇರಿತು. ಹಿರಿಯನೊಬ್ಬ ಎದ್ದು ಗುರುಗಳಿಗೆ ಕೈಮುಗಿದ.

"ನಮಗೆ ಬಗೆಹರಿಯುತ್ತಿಲ್ಲ. ನೀವು ಹೇಳಿದಂತೆ ಆಗಲಿ."

ಎಲ್ಲರೂ ಹೌದೆಂದರು.

ಗುರುಗಳು ಎದ್ದರು. ಹೆಗಲಿಗೆ ವಸ್ತ್ರ ಹಾಕಿಕೊಂಡು ದೋಣಿಯ ಕಡೆಗೆ ನಡೆದೇಬಿಟ್ಟರು.

ದೂಮಣ್ಣ ಕೆಸರಿನಲ್ಲಿ ಓಡಿದ. "ಎಲ್ಲಿಗೆ ಹೊರಟಿರಿ?"

"ಆಚೆ ದಡಕ್ಕೆ."

"ಊರೆಲ್ಲ ನಿಮ್ಮ ಮುಖ ನೋಡುತ್ತಾ ಕೂತಿದೆ!"

"ಇನ್ನು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿ. ತೀರ್ಮಾನವಾದ ಮೇಲೆ ಬಂದು ನನ್ನನ್ನು ಕರೆದುಕೊಂಡು ಹೋಗು."

ಅವರನ್ನು ಬಿಟ್ಟು ಬರಲು ಅಂಬಿಗ ದೋಣಿ ಹೊರಡಿಸಿದ. ದೂಮಣ್ಣ ಹಲ್ಲು ಕಚ್ಚಿಕೊಂಡು ಮರದ ಕೆಳಗೆ ಮರಳಿದ.

ಅವತ್ತು ಕುದ್ರಿನಲ್ಲಿ ಯಾರೂ ಒಲೆ ಹೊತ್ತಿಸಲಿಲ್ಲ. ಕೂಗಾಡಿದರು, ಅತ್ತರು, ಎದ್ದು ಹೋದವರು ಮತ್ತೆ ಬಂದು ಕೂತರು. ಯಾರೆದುರೂ ಎತ್ತದಿದ್ದ ರುಕ್ಕುವಿನ ಹೆಸರನ್ನು ದೂಮಣ್ಣ ಎತ್ತಿದ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವನ ಮಾತು ಮುಗಿಯುವವರೆಗೂ ಕಾದು ಪೊನ್ನಕ್ಕ ಎದ್ದಳು. ತನ್ನ ಮಾತನ್ನೂ ಹೇಳಿದಳು.

ಕೊನೆಗೆ ಕೈಗಳು ಎದ್ದವು. ಸೇರುವುದು ಬೇಡ, ನೆರೆಯವರಾಗಿ ಇರೋಣ ಎಂದು ತೀರ್ಮಾನವಾಯಿತು. ಉತ್ತರ ಕೇಳಲು ಬಂದ ಮಂತ್ರಿ ಅದನ್ನು ಕೇಳಿಸಿಕೊಂಡು ಮುಖ ಗಂಟಿಕ್ಕಿ ಹೋದ.

ದೂಮಣ್ಣ ದೋಣಿ ತೆಗೆದುಕೊಂಡು ಗುರುಗಳನ್ನು ಕರೆಯಲು ಹೋದ. ಅವರು ದಡದ ಕಲ್ಲಿನ ಮೇಲೆ ಕೂತಿದ್ದರು.

"ಏನಾಯಿತು?"

"ಸೇರುವುದಿಲ್ಲವಂತೆ. ನಾನು ಸೋತೆ."

"ಈಗ ಏನು ಮಾಡುತ್ತೀಯ?"

"ಮುಂದಿನ ಮಳೆಗಾಲ ಹೊಳೆ ಎಷ್ಟೇ ಉಕ್ಕಲಿ, ದೋಣಿ ಇಳಿಸುವವರು ಇರಬೇಕು. ನಾನಿರುತ್ತೇನೆ. ಪೊನ್ನಕ್ಕನ ಮೊಮ್ಮಕ್ಕಳೂ ಬರುತ್ತೇವೆ ಅಂದಿದ್ದಾರೆ. ಸೇರಬೇಕು ಅನ್ನುವ ಮಾತನ್ನೂ ನಾನು ಬಿಡುವವನಲ್ಲ. ಮರದ ಕೆಳಗೆ ಮತ್ತೆ ಎತ್ತುತ್ತೇನೆ."

ಗುರುಗಳು ದೋಣಿ ಹತ್ತಿ ಕೂತರು. ದೂಮಣ್ಣ ಹುಟ್ಟು ಹಿಡಿದ. ಸ್ವಲ್ಪ ದೂರ ಹೋದ ಮೇಲೆ ತಡೆಯಲಾರದೆ ಕೇಳಿದ.

"ಈಗಲಾದರೂ ಹೇಳಿ. ನಿಮ್ಮ ಮನಸ್ಸಿನಲ್ಲಿ ಏನಿತ್ತು?"

"ಸೇರುವುದೇ ಒಳ್ಳೆಯದು ಅಂತಿತ್ತು."

ದೂಮಣ್ಣನ ಕೈಯಲ್ಲಿನ ಹುಟ್ಟು ನಿಂತಿತು.

"ಹಾಗಿದ್ದರೆ ಯಾಕೆ ಸುಮ್ಮನೆ ಎದ್ದು ಹೋದಿರಿ? ನಿಮ್ಮ ಒಂದು ಮಾತು ಸಾಕಾಗಿತ್ತಲ್ಲ!"

"ಸಾಕಾಗಿತ್ತು," ಎಂದರು ಗುರುಗಳು. "ಅದಕ್ಕೇ ಆಡಲಿಲ್ಲ."