ಒಂದೇ ಬ್ಯಾಟರಿಯ ದೋಣಿ

ನಲವತ್ತು ವರ್ಷ ದೋಣಿ ನಡೆಸಿದ ಜಟ್ಟಿ ತಾಂಡೇಲರ ಬಳಿ ಪುರುಸು ಕಡಲು ಕಲಿಯುತ್ತಿದ್ದ. ಎರಡು ಮಕ್ಕಳ ತಂದೆ, ಆದರೂ ನೀರಿಗೆ ಹೊಸಬ.

ಒಂದು ದಿನ ಗುಜರಿಯಿಂದ ಹಳೇ ಬೈಕ್ ಬ್ಯಾಟರಿ ತಂದ. ದೋಣಿಯ ದೀಪ, ತನ್ನ ಮುದಿ ಫೋನು, ಹಾಡಿನ ಡಬ್ಬಿ, ಮೂರನ್ನೂ ಅದಕ್ಕೇ ಸಿಕ್ಕಿಸಿದ.

"ಅಗ್ಗಕ್ಕೆ ಮುಗೀತು, ತಾಂಡೇಲರೇ."

"ಅಗ್ಗ ಹೌದೋ ಅಲ್ವೋ ಅಂತ ಅಂಗಡೀಲಿ ಗೊತ್ತಾಗೂದಿಲ್ಲ ತಮಾ," ಎಂದರು ಗುರು.

ಮರುದಿನ ನಸುಕಿನಲ್ಲಿ ಬಲೆ ಬಿಟ್ಟು ಎಂಜಿನ್ ನಿಲ್ಲಿಸಿದರು. ಮಂಜು ಕವಿಯಿತು. ಚಾಚಿದ ಕೈ ಕಾಣದಷ್ಟು.

ಪುರುಸು ಹೆದರಿದ. ಫೋನಿನ ನಕ್ಷೆಯಲ್ಲಿ ದೋಣಿ ಎಲ್ಲಿದೆಯೆಂದು ನೋಡಿದ. ಮತ್ತೆ ನೋಡಿದ. ಧೈರ್ಯಕ್ಕಿರಲಿ ಎಂದು ಹಾಡೂ ಹಾಕಿದ.

"ಎಷ್ಟು ಸಲ ನೋಡ್ತೆ? ದೋಣಿ ಅಲ್ಲೇ ಉಂಟು."

ಆಗ ಮಂಜಿನೊಳಗೆ ದೊಡ್ಡ ಮೀನುಹಡಗು, ಟ್ರಾಲರಿನ ಸದ್ದು. ದೊಡ್ಡದಾಗುತ್ತಾ ಬಂತು.

ಪುರುಸು ಕೋಲಿನ ತುದಿಯ ದೀಪ ನೋಡಿದ. ಬೂದಿ ಮುಚ್ಚಿದ ಕೆಂಡದ ಹಾಗಿತ್ತು; ಟ್ರಾಲರಿನವರಿಗೆ ಕಾಣುವಂತಿರಲಿಲ್ಲ.

"ಬಲೆ ಕೊಯ್ದು ಓಡುವಾ!"

"ಯಾವ ಕಡೆ? ಸದ್ದು ನಾಲ್ಕೂ ಕಡೆಯಿಂದ ಕೇಳ್ತದೆ."

ಗುರು ಹಾಡಿನ ವೈರ್ ಕಿತ್ತರು. ಫೋನಿನದ್ದು ಕಿತ್ತರು, ಅದರ ಪರದೆ ಕೂಡಲೇ ಕಪ್ಪಾಯಿತು. ಆಮೇಲೆ ದೀಪದ್ದನ್ನೂ ಕಿತ್ತರು.

"ಅಯ್ಯೋ, ಅದೊಂದೇ ಇದ್ದದ್ದು!"

"ಸೋತ ಬ್ಯಾಟರಿ ಎರಡು ನಿಮಿಷ ಕೂತರೆ ಅರ್ಧ ನಿಮಿಷ ಓಡ್ತದೆ. ಕೂತ್ಕೊಳ್ಳಲಿ."

ಕತ್ತಲು. ಸದ್ದು ದೋಣಿಯ ಹಲಗೆಗಳಿಗೆ ಇಳಿಯಿತು. ಪುರುಸು ದೋಣಿಯ ಅಂಚು ಬಿಗಿಹಿಡಿದ.

"ಈಗ ಹಚ್ಚಿ!"

"ಇನ್ನೂ ಇಲ್ಲ."

"ನನಗೆ ಮಕ್ಕಳುಂಟು, ತಾಂಡೇಲರೇ!"

"ನಾನೇನು ಆಕಾಶದಿಂದ ಬಿದ್ದವನಾ? ನನಗೂ ಉಂಟು. ಸುಮ್ನಿರು."

ನೀರು ಸೀಳುವುದು ಕೇಳಿಸಿತು. ಗುರು ವೈರ್ ಮುಟ್ಟಿಸಿದರು. ದೀಪ ಭಗ್ಗನೆ ಹೊತ್ತಿತು.

ಮಂಜಿನ ಮೇಲಿಂದ ಯಾರೋ ಕೂಗಿದರು. ಟ್ರಾಲರಿನ ಮನೆಗೋಡೆಯಷ್ಟೆತ್ತರದ ಮೂತಿ ಹೊರಳಿ, ನಾಲ್ಕು ಮಾರು ದೂರದಲ್ಲಿ ದಾಟಿ ಹೋಯಿತು. ಅದರ ಅಲೆಗೆ ದೋಣಿ ಅರ್ಧ ಮಗುಚಿ ಎದ್ದಿತು. ದೀಪ ನಂದಿತು.

ಪುರುಸು ಒಳನುಗ್ಗಿದ ನೀರನ್ನು ತೋಡಿ ಚೆಲ್ಲಿದ.

"ನಿಮಗೆ ಹೆದರಿಕೆ ಆಗ್ಲಿಲ್ವಾ?"

ಗುರು ವೈರ್ ಸುತ್ತಿ ಬದಿಗಿಟ್ಟರು.

"ಆಯ್ತು ತಮಾ. ಆ ಹೆದರಿಕೆಗೆ ಬ್ಯಾಟರಿ ಕೊಡಲಿಲ್ಲ, ಅಷ್ಟೇ."