ಗಂಟುಮರುಳ

ಆಗಷ್ಟೇ ಹರೆಯಕ್ಕೆ ಬಂದ ಗೀಜಗವೊಂದು, ಹುಲ್ಲಿನೆಳೆ ಸಿಕ್ಕರೆ ಊಟ ಮರೆತು ಗಂಟು ಹಾಕುತ್ತ ಕೂರುತ್ತಿತ್ತು. ಮೈನಾಗಳು ಅದಕ್ಕೆ ಗಂಟುಮರುಳ ಎಂದು ಹೆಸರಿಟ್ಟು ಆಡಿಕೊಳ್ಳುತ್ತಿದ್ದವು.

ಆ ವರ್ಷ ಅದು ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೂಡಿಗೆ ಜಾಗ ಕೇಳಬೇಕಿತ್ತು. ಮರದ ಹಿರಿಯ ಗೀಜಗದ ಮುಂದೆ ತಾವು ಯಾರೆಂದು ಹೇಳಿ ಒಪ್ಪಿಸಿದವರಿಗಷ್ಟೇ ಅಲ್ಲಿ ಕೊಂಬೆ.

"ಹಾಡುಗಾರ ಅಂತ ಹೇಳು, ಮಾನ ಉಳಿಯುತ್ತೆ" ಎಂದು ಒಂದು ಮೈನಾ ಕಲಿಸಿ ಕಳಿಸಿತು.

"ಯಾರಪ್ಪಾ ನೀನು?" ಎಂದಿತು ಹಿರಿಯ ಗೀಜಗ.

"ನಾನು ಹಾಡು..." ಎನ್ನುವಷ್ಟರಲ್ಲಿ ಹರೆಯದ ಹಕ್ಕಿಯ ಕಣ್ಣು ಹಿರಿಯನ ಗೂಡಿನ ಮೇಲೆ ಬಿತ್ತು. ಕೊಂಬೆಗೆ ಬಿಗಿದ ಕಡೆ ಒಂದು ಗಂಟು ಸಡಿಲಿತ್ತು. ತಡೆಯಲಾಗದೆ ಹಾರಿಹೋಗಿ, ಅದನ್ನು ಬಿಚ್ಚಿ, ಎಳೆಯನ್ನು ಇನ್ನೊಂದು ಸುತ್ತು ತಂದು ಬಿಗಿದೇ ಬಿಟ್ಟಿತು. ಕೆಳಗೆ ನೋಡುತ್ತ ಕೂತಿದ್ದ ಮೈನಾಗಳು ಕಿಸಕ್ಕನೆ ನಕ್ಕವು.

"ಅಜ್ಜಾ, ಸುಳ್ಳು ಹೇಳಹೊರಟಿದ್ದೆ. ನಾನು ಗಂಟುಮರುಳ."

ಹಿರಿಯ ಆ ಗಂಟನ್ನು ಕೊಕ್ಕಿನಿಂದ ಜಗ್ಗಿ ನೋಡಿತು. ಅದು ಕದಲಲಿಲ್ಲ.

"ಮೊದಲೇ ಹೇಳಬಾರದಿತ್ತೇನೋ? ಈ ಮರದಲ್ಲಿ ಇರುವವರೆಲ್ಲ ಅಂಥವರೇ. ನನ್ನ ಪಕ್ಕದ ಕೊಂಬೆ ಹಿಡಿ."

ಮರುದಿನ ಮೈನಾ ಕೆಳಗಿನಿಂದ ಕೂಗಿತು: "ಏ ಗಂಟುಮರುಳಾ!"

ಕೊಕ್ಕಿನಲ್ಲಿದ್ದ ಎಳೆಯನ್ನು ಕಾಲಿನಡಿ ಒತ್ತಿ ಹಿಡಿದು, ಗೀಜಗ "ಓ" ಎಂದಿತು.